ಕಾಂಡ್ಲಾ ಕಾಡು ಕೇಳುವ ಸಿಹಿನೀರು

ಕನಕಪುರದಿಂದ ಸಾತನೂರು ದಾಟಿ ಉಯ್ಯಂಬಳ್ಳಿ ಸೀಮೆಯ ಕಡೆಗೆ ಇಳಿಯುತ್ತ ಹೋದಂತೆ ರಾಗಿ ಹೊಲ, ಹಿಪ್ಪುನೇರಳೆ ತೋಟಗಳು ಹಿಂದೆ ಉಳಿದು ಕುರುಚಲು ಕಾಡು ಎದುರಾಗುತ್ತದೆ. ರಸ್ತೆ ಮುಗಿಯುವುದು ಸಂಗಮದಲ್ಲಿ. ನಂದಿಬೆಟ್ಟದ ಕಡೆಯಿಂದ ಹರಿದು ಬಂದ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಕೆಳಗೆ ಮೇಕೆದಾಟು. ಅಗಲವಾಗಿ ಬಂದ ಹೊಳೆ ಬಂಡೆಗಳ ಸಂದಿಯಲ್ಲಿ ಕಿರಿದಾಗಿ ಆಳಕ್ಕೆ ನುಗ್ಗುತ್ತದೆ. ದಡದುದ್ದಕ್ಕೂ ಹೊಳೆಮತ್ತಿ ಮರಗಳು. ಇಲ್ಲಿಂದ ಕಡಲು ಹೊಳೆಯ ಹಾದಿಯಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ.

ಕಡಲಂಚಿನ ಮ್ಯಾಂಗ್ರೋವ್ ಕಾಡಿನ ವಿಷಯವನ್ನು ಈ ಒಣಸೀಮೆಯಿಂದ ಶುರುಮಾಡುವುದಕ್ಕೆ ಕಾರಣವಿದೆ. ಮೇಕೆದಾಟಿನಲ್ಲಿ 67.16 ಟಿಎಂಸಿ ನೀರು ಹಿಡಿಯುವ ಜಲಾಶಯ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಡಬೇಕು, ಜೊತೆಗೆ ವಿದ್ಯುತ್ತನ್ನೂ ಉತ್ಪಾದಿಸಬೇಕು ಎಂಬುದು ಕರ್ನಾಟಕದ ಯೋಜನೆ. ಅದರ ಪರವಾಗಿ ಮಾತಾಡುವವರು ಮುಂದಿಡುವ ವಾದ ಎಲ್ಲರಿಗೂ ಗೊತ್ತಿರುವಂಥದ್ದು: ಮಳೆ ಚೆನ್ನಾಗಿ ಆದ ವರ್ಷ ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರನ್ನು ತಡೆದು ಇಟ್ಟುಕೊಳ್ಳೋಣ. ಎತ್ತಿನಹೊಳೆಗೂ ಇದೇ ವಾದ, ಬೇಡ್ತಿ ಮತ್ತು ಅಘನಾಶಿನಿಯನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗಳಿಗೂ ಇದೇ ವಾದ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಕಾಣದ ಊರಿನವರು ಹೀಗೆ ಹೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಬಾಯಾರಿಕೆಯನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ನದಿಯ ನೀರು ಕಡಲಿಗೆ ಸೇರಿದ ಕೂಡಲೇ ಅದರ ಕೆಲಸ ಮುಗಿಯಿತು ಎನ್ನುವುದು ನಿಜವಲ್ಲ. ಸಿಹಿನೀರಿನ ಬಹು ದೊಡ್ಡ ಕೆಲಸವೊಂದು ನಡೆಯುವುದೇ ಹೊಳೆ ಕಡಲನ್ನು ಮುಟ್ಟುವ ಆ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ. ಅದನ್ನು ತಿಳಿಯಲು ಅಲ್ಲಿನ ಮರಗಳನ್ನೇ ನೋಡಬೇಕು.

ನಮ್ಮ ಕರಾವಳಿಯಲ್ಲಿ ಅವನ್ನು ಕಾಂಡ್ಲಾ ಎನ್ನುತ್ತಾರೆ. ವಿಜ್ಞಾನಿಗಳು ಮ್ಯಾಂಗ್ರೋವ್ ಎನ್ನುವಾಗ ಒಂದೇ ಕುಟುಂಬದ ಮರಗಳನ್ನು ಉದ್ದೇಶಿಸಿರುವುದಿಲ್ಲ. ಒಂದಕ್ಕೊಂದು ಹತ್ತಿರದ ಸಂಬಂಧವೇ ಇಲ್ಲದ ಹಲವು ಸಸ್ಯಕುಟುಂಬಗಳು ಬೇರೆಬೇರೆ ಕಾಲದಲ್ಲಿ, ಬೇರೆಬೇರೆಯಾಗಿ, ಉಬ್ಬರ ಇಳಿತದ ಕೆಸರಿಗೆ ಇಳಿದು ಬದುಕಲು ಕಲಿತವು. ಕೆಸರಿನ ಕಷ್ಟಗಳು ಎಲ್ಲಕ್ಕೂ ಒಂದೇ ಆದ್ದರಿಂದ ಕಂಡುಕೊಂಡ ಉಪಾಯಗಳಲ್ಲೂ ಹೋಲಿಕೆ ಇದೆ.

ಮೊದಲ ಕಷ್ಟ ಉಪ್ಪು. ಕಡಲನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಅಷ್ಟು ಉಪ್ಪಿನ ನೀರಿನಲ್ಲಿ ಸಾಮಾನ್ಯ ಗಿಡದ ಬೇರನ್ನು ಇಟ್ಟರೆ ಅದು ನೀರು ಎಳೆದುಕೊಳ್ಳುವುದಿರಲಿ, ತನ್ನೊಳಗಿನ ನೀರನ್ನೇ ಕಳೆದುಕೊಳ್ಳುತ್ತದೆ. ರೈಜೋಫೊರಾ ಜಾತಿಯ ಮರ (ಮರಗಳನ್ನು ಹೋಲಿಸುವಲ್ಲಿ ಮುಂದೆ ಕಾಂಡ್ಲಾ ಎಂದರೆ ಇದೇ) ಬೇರಿನ ಒಳಪದರದಲ್ಲಿಯೇ ನೀರನ್ನು ಸೋಸಿ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಉಪ್ಪನ್ನು ಹೊರಗೇ ನಿಲ್ಲಿಸುತ್ತದೆ. ಹೀಗೆ ಸೋಸಬೇಕಾದರೆ ನೀರನ್ನು ಬಲವಾಗಿ ಎಳೆಯಬೇಕು. ಆ ಎಳೆತ ಬರುವುದು ಎಲೆಗಳಿಂದ. ಪರ್ ಸ್ಕೊಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತರಿಸಿದ ರೆಂಬೆಯನ್ನು ಒತ್ತಡದ ಪಾತ್ರೆಯೊಳಗೆ ಇಟ್ಟು, ತುದಿಯಲ್ಲಿ ರಸ ಮತ್ತೆ ಕಾಣಿಸಿಕೊಳ್ಳಲು ಎಷ್ಟು ಒತ್ತಡ ಬೇಕೆಂದು ಅಳೆದರು. ಮ್ಯಾಂಗ್ರೋವ್ ಮರಗಳ ಒಳಗಿನ ಎಳೆತ ವಾಯುಮಂಡಲದ ಒತ್ತಡದ ಮೂವತ್ತು ಪಟ್ಟನ್ನೂ ಮೀರಿತ್ತು. ಮರ ಹಗಲಿಡೀ ಆ ಎಳೆತವನ್ನು ಹಿಡಿದುಕೊಂಡಿರಬೇಕು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಎಳೆತ ಹೆಚ್ಚಬೇಕು. ಎಲೆಯ ರಂಧ್ರಗಳನ್ನು ಬಿಗಿಹಿಡಿದು ನೀರಿನ ಖರ್ಚನ್ನು ತಗ್ಗಿಸಬೇಕು, ರಂಧ್ರ ಮುಚ್ಚಿದರೆ ಆಹಾರ ತಯಾರಿ ತಗ್ಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ.

ಉಪ್ಪಟೆ ಎಂದು ಕರೆಯುವ ಅವಿಸೆನಿಯಾ ಮರದ ಹಾದಿ ತುಸು ಬೇರೆ. ಅದೂ ಬೇರಿನಲ್ಲಿ ಬಹುಪಾಲು ಉಪ್ಪನ್ನು ತಡೆಯುತ್ತದೆ, ಆದರೂ ಒಳಗೆ ನುಸುಳಿದ್ದನ್ನು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಬಿಸಿಲು ಏರಿದಾಗ ಆ ಎಲೆಯನ್ನು ನಾಲಿಗೆಗೆ ಮುಟ್ಟಿಸಿದರೆ ಉಪ್ಪು ಗೊತ್ತಾಗುತ್ತದೆ. ಹೀಗಾಗಿ ಉಪ್ಪಟೆ ಕಾಂಡ್ಲಾಕ್ಕಿಂತ ಹೆಚ್ಚಿನ ಉಪ್ಪನ್ನು ತಾಳುತ್ತದೆ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಕಾವೇರಿ ಮುಖಜದ ಕಥೆಗೆ ಅದು ಬೇಕಾಗುತ್ತದೆ.

ಎರಡನೆಯ ಕಷ್ಟ ಉಸಿರು. ನೀರು ಕುಡಿದ ಕೆಸರಿನೊಳಗೆ ಗಾಳಿ ಇಳಿಯುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ, ಕಡಲನೀರಿನ ಸಲ್ಫೇಟನ್ನೇ ಬಳಸಿಕೊಂಡು ಬದುಕುತ್ತವೆ. ಕಾಂಡ್ಲಾ ಕೆಸರನ್ನು ಕಾಲಿನಿಂದ ಕಲಕಿದಾಗ ಮೂಗಿಗೆ ಬರುವ ಕೊಳೆತ ಮೊಟ್ಟೆಯ ವಾಸನೆ ಅವು ಬಿಟ್ಟ ಹೈಡ್ರೋಜನ್ ಸಲ್ಫೈಡಿನದು. ಅಂಥ ಕೆಸರಿನಲ್ಲಿ ಬೇರು ಸಾಯಬಾರದೆಂದರೆ ಗಾಳಿಯನ್ನು ಮೇಲಿನಿಂದ ತರಬೇಕು. ಕಾಂಡ್ಲಾ ಕಾಂಡದಿಂದ ಕಮಾನಿನಂತೆ ಇಳಿಬೇರು ಬಿಡುತ್ತದೆ. ಉಪ್ಪಟೆಯ ಬೇರುಗಳು ಕೆಸರಿನಿಂದ ಮೇಲಕ್ಕೆ ಗೂಟಗಳಂತೆ ಎದ್ದು ನಿಲ್ಲುತ್ತವೆ, ಒಂದೇ ಮರದ ಸುತ್ತ ಅಂಥವು ಸಾವಿರಾರು. ಇದೇ ಸ್ಕೊಲಾಂಡರ್ 1955ರಲ್ಲಿ ಆ ಬೇರುಗಳ ಮೇಲಿನ ಸಣ್ಣ ರಂಧ್ರಗಳಿಗೆ ಗ್ರೀಸ್ ಬಳಿದು ಮುಚ್ಚಿ ನೋಡಿದರು. ಕೆಸರಿನೊಳಗಿನ ಬೇರಿನಲ್ಲಿ ಆಮ್ಲಜನಕ ಇಳಿಯುತ್ತ ಹೋಯಿತು. ಇಳಿತದ ಹೊತ್ತಿನಲ್ಲಿ ಬೇರು ತೆರೆದುಕೊಂಡು ಗಾಳಿ ತುಂಬಿಕೊಳ್ಳುತ್ತದೆ, ಉಬ್ಬರ ಬಂದು ಮುಚ್ಚಿದಾಗ ಒಳಗಿಟ್ಟುಕೊಂಡ ಗಾಳಿಯಲ್ಲೇ ಕಾಲ ತಳ್ಳುತ್ತದೆ. ಆದ್ದರಿಂದ ನೀರು ಬಂದು ಹೋಗುತ್ತಿರಬೇಕು. ಬಂದ ನೀರು ನಿಂತುಬಿಟ್ಟರೆ ಮರ ಉಸಿರುಗಟ್ಟಿ ಸಾಯುತ್ತದೆ.

ಬೀಜದ ವಿಷಯ ಇನ್ನೂ ಸೋಜಿಗದ್ದು. ಕಾಂಡ್ಲಾ ಬೀಜ ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ತಾಯಿಮರದ ಮೇಲೆಯೇ ಮೊಳೆತು, ಉದ್ದನೆಯ ಹಸಿರು ಕೋಲಿನಂತೆ ತಿಂಗಳುಗಟ್ಟಲೆ ನೇತಾಡಿ, ಆಮೇಲೆ ಕಳಚಿಕೊಳ್ಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಲವೊಮ್ಮೆ ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ, ಉಬ್ಬರದಲ್ಲಿ ಬಿದ್ದರೆ ತೇಲುತ್ತ ಹೋಗಿ ಬೇರೊಂದು ದಂಡೆಯಲ್ಲಿ ಬೇರು ಬಿಡುತ್ತದೆ. ಉಪ್ಪನ್ನು ತಾಳುವ ಶಕ್ತಿ ಪೂರ್ತಿ ಬಲಿಯದ ಈ ಎಳೆಯ ಸಸಿಗೆ ಮೊದಲ ತಿಂಗಳುಗಳಲ್ಲಿ ಮಳೆಯ ನೀರು, ಹೊಳೆಯ ನೀರು ಬೆರೆತ ಕೆಸರು ಸಿಕ್ಕರೆ ಬಹಳ ಅನುಕೂಲ.

ಇಲ್ಲಿಗೆ ಮುಖ್ಯ ಮಾತು ಬಂತು. ಮ್ಯಾಂಗ್ರೋವ್ ಉಪ್ಪನ್ನು ತಾಳುವ ಮರ ಎಂದ ಮಾತ್ರಕ್ಕೆ ಉಪ್ಪನ್ನು ಬಯಸುವ ಮರ ಎಂದು ತಿಳಿಯಬಾರದು. ಪ್ರಯೋಗಶಾಲೆಯ ಕುಂಡಗಳಲ್ಲಿ ಬೇರೆಬೇರೆ ಪ್ರಮಾಣದ ಉಪ್ಪುನೀರು ಕೊಟ್ಟು ಬೆಳೆಸಿದಾಗ ಹೆಚ್ಚಿನ ಜಾತಿಗಳು ಚೆನ್ನಾಗಿ ಬೆಳೆದದ್ದು ಸಿಹಿನೀರು ಬೆರೆಸಿ ತೆಳುಮಾಡಿದ ಕಡಲನೀರಿನಲ್ಲಿ. ಪೂರ್ತಿ ಕಡಲನೀರಿನಲ್ಲಿ ಅವು ಬದುಕುತ್ತವೆ, ಆದರೆ ಕುಳ್ಳಾಗಿ, ನಿಧಾನವಾಗಿ. ಕಡಲಿಗಿಂತಲೂ ಉಪ್ಪಾದ ನೀರಿನಲ್ಲಿ ಒಂದೆರಡು ಜಾತಿ ಬಿಟ್ಟರೆ ಉಳಿದವು ಸೋಲುತ್ತವೆ. ಹಾಗಾದರೆ ಪೂರ್ತಿ ಸಿಹಿನೀರಿನ ಹೊಳೆದಡದಲ್ಲೇ ಏಕೆ ಬೆಳೆಯುವುದಿಲ್ಲ ಎಂದರೆ, ಅಲ್ಲಿ ಬೇರೆ ಗಿಡಮರಗಳು ಬೇಗ ಬೆಳೆದು ಇವನ್ನು ನೆರಳಿನಲ್ಲಿ ಮುಚ್ಚಿಹಾಕುತ್ತವೆ. ಸಿಹಿಯೂ ಅಲ್ಲದ, ಪೂರ್ತಿ ಉಪ್ಪೂ ಅಲ್ಲದ, ಋತುವಿಗೆ ತಕ್ಕಂತೆ ಬದಲಾಗುವ ಚೌಳುನೀರಿನ ಪಟ್ಟಿ ಇವುಗಳ ನೆಲೆ. ಆ ಪಟ್ಟಿಯನ್ನು ಸೃಷ್ಟಿಸುವುದು ಹೊಳೆ.

ಈಗ ಕಾವೇರಿಯ ಜೊತೆ ಕೆಳಗೆ ಹೋಗೋಣ. ಮೇಕೆದಾಟಿನಿಂದ ಮುಂದೆ ಬಿಳಿಗುಂಡ್ಲು, ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ. ಆಮೇಲೆ ಹೊಗೇನಕಲ್, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು, ತಿರುಚ್ಚಿಯ ಬಳಿ ಹೊಳೆ ಕಾವೇರಿ ಮತ್ತು ಕೊಳ್ಳಿಡಂ ಎಂದು ಸೀಳುವ ಜಾಗ, ಚೋಳರ ಕಾಲದ ಕಲ್ಲಣೆ. ಕೊನೆಗೆ ತಂಜಾವೂರು ಸೀಮೆಯ ವಿಶಾಲ ಗದ್ದೆಬಯಲು. ಈ ಬಯಲಿನ ಉತ್ತರದ ಅಂಚಿನಲ್ಲಿ, ಚಿದಂಬರಂ ಹತ್ತಿರ, ವೆಲ್ಲಾರ್ ಮತ್ತು ಕೊಳ್ಳಿಡಂ ಅಳಿವೆಗಳ ನಡುವೆ ಪಿಚ್ಚಾವರಂ ಮ್ಯಾಂಗ್ರೋವ್ ಕಾಡಿದೆ. ವಿಸ್ತಾರ ಸುಮಾರು 1,100 ಹೆಕ್ಟೇರ್. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ದಕ್ಷಿಣದ ಅಂಚಿನಲ್ಲಿ ಮುತ್ತುಪೇಟೆಯ ಕಾಡು. ಸಂಗಮದಲ್ಲಿ ನಾವು ನೋಡುವ ನೀರಿನಲ್ಲಿ ಉಳಿದಷ್ಟು ಪಾಲು ಈ ಎರಡು ಕಾಡುಗಳ ಮುಂದೆ ಕಡಲಿಗೆ ಸೇರುತ್ತದೆ.

ಪಿಚ್ಚಾವರಂನಲ್ಲಿ ಕಾಲುವೆಗಳ ಅಂಚಿಗೆ ತೆಳುವಾಗಿ ಕಾಂಡ್ಲಾ, ಅದರ ಹಿಂದೆ ದೊಡ್ಡದಾಗಿ ಹರಡಿದ ಉಪ್ಪಟೆ. ಮುತ್ತುಪೇಟೆಯಲ್ಲಿ ಹೆಚ್ಚುಕಡಿಮೆ ಉಪ್ಪಟೆಯ ಒಂದೇ ಜಾತಿ, ಅವಿಸೆನಿಯಾ ಮರೀನಾ. ಉಪ್ಪನ್ನು ಹೆಚ್ಚು ತಾಳಬಲ್ಲ ಮರ ಅಲ್ಲಿ ಗೆದ್ದಿದೆ. ಒಂದು ಕಾಲಕ್ಕೆ ಜೂನ್ ಕೊನೆಯಿಂದ ಕೊಡಗಿನ ಮಳೆ ಕಾವೇರಿಯನ್ನು ತುಂಬಿಸಿದರೆ ಆ ಕೆಂಪು ನೀರು ಜುಲೈ, ಆಗಸ್ಟಿನಲ್ಲಿ ಮುಖಜಭೂಮಿಯನ್ನು ಮುಟ್ಟುತ್ತಿತ್ತು. ತಮಿಳರು ಆಡಿ ತಿಂಗಳ ಹದಿನೆಂಟನೆಯ ದಿನ ಹೊಳೆ ಏರುವುದನ್ನು ಹಬ್ಬವಾಗಿ ಆಚರಿಸುವುದು ಆ ಕಾಲದ್ದೇ ಗುರುತು. ಅಲ್ಲಿನ ಸ್ವಂತ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಹೀಗೆ ವರ್ಷಕ್ಕೆ ಎರಡು ಸಲ ಕಾಡಿಗೆ ಸಿಹಿನೀರಿನ ಕಾಲ ಬರುತ್ತಿತ್ತು. ಜಲಾಶಯಗಳ ಸಾಲು ಬಂದ ಮೇಲೆ ಮೊದಲ ಕಾಲ ಬಹಳ ವರ್ಷಗಳಲ್ಲಿ ಗದ್ದೆಗಳಲ್ಲೇ ಮುಗಿದುಹೋಗುತ್ತದೆ. ಉಳಿದದ್ದು ಈಶಾನ್ಯ ಮಾರುತದ ಮಳೆ, ಮತ್ತು ಜಲಾಶಯಗಳು ತುಂಬಿ ತುಳುಕಿದ ವರ್ಷ ಒಮ್ಮೆಲೇ ನುಗ್ಗಿಬರುವ ಪ್ರವಾಹ. ಬೇಸಿಗೆಯಲ್ಲಿ ಕಡಲನೀರು ಒಳನುಗ್ಗಿ, ಆವಿಯಾಗಿ, ಇನ್ನಷ್ಟು ಉಪ್ಪಾಗುತ್ತದೆ.

ಹೊಳೆ ನೀರನ್ನಷ್ಟೇ ತರುವುದಿಲ್ಲ, ಮಣ್ಣನ್ನೂ ತರುತ್ತದೆ. ಮುಖಜಭೂಮಿ ಎನ್ನುವುದು ಹೊಳೆ ಸಾವಿರಾರು ವರ್ಷ ಹಾಸಿದ ಮೆಕ್ಕಲು. ಆ ಮೆಕ್ಕಲು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕುಸಿಯುತ್ತಿರುತ್ತದೆ, ಮೇಲೆ ಹೊಸ ಮಣ್ಣು ಬಂದು ಕೂರುತ್ತಿದ್ದರೆ ಮಾತ್ರ ಮಟ್ಟ ಉಳಿಯುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಮಣ್ಣು ತಳಕ್ಕೆ ಇಳಿಯುತ್ತದೆ, ಆಚೆಗೆ ಹೋಗುವುದು ತಿಳಿನೀರು. ಕಡಲಮಟ್ಟ ಏರುತ್ತಿರುವ ಈ ಕಾಲದಲ್ಲಿ ಕಾಂಡ್ಲಾ ಕಾಡಿಗೆ ಅದು ದೊಡ್ಡ ಪೆಟ್ಟು, ಏಕೆಂದರೆ ಬೇರುಗಳ ಜಾಲದಲ್ಲಿ ಮಣ್ಣು ಹಿಡಿದು ನೆಲವನ್ನು ಎತ್ತರಿಸಿಕೊಳ್ಳುವುದೇ ಅದರ ರಕ್ಷಣೆ. ಹಿಡಿಯಲು ಮಣ್ಣೇ ಬರದಿದ್ದರೆ ಏನು ಮಾಡೀತು? ಕಡಲಿನಿಂದ ಹೊಳೆಗೆ ಹತ್ತುತ್ತಿದ್ದ ಹಿಲ್ಸಾ ಮೀನಿನ ಹಾದಿಯೂ ಕೊಳ್ಳಿಡಂನ ಅಡ್ಡಗಟ್ಟೆಗಳಿಂದ, ಆಮೇಲೆ ಮೆಟ್ಟೂರಿನಿಂದ ಕಡಿದುಹೋಯಿತು. ಈಗ ಮೇಲಿನಿಂದ ಬರುವುದರಲ್ಲಿ ನಮ್ಮ ಸೀಮೆಯ ಪಾಲು ಕೂಡ ಇದೆ. ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ ಅರ್ಕಾವತಿಗೆ ಬಿದ್ದು, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.

ಪಿಚ್ಚಾವರಂ ಕಾಡು ಕ್ಷೀಣಿಸಿದ್ದಕ್ಕೆ ಸಿಹಿನೀರಿನ ಕೊರತೆಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಬ್ರಿಟಿಷರ ಕಾಲದಿಂದ ಸ್ವಾತಂತ್ರ್ಯದ ನಂತರದವರೆಗೂ ಅಲ್ಲಿ ಸರದಿಯ ಮೇಲೆ ಪಟ್ಟಿಪಟ್ಟಿಯಾಗಿ ಮರಗಳನ್ನು ಪೂರ್ತಿ ಕಡಿಯಲಾಯಿತು. ಬೋಳಾದ ನೆಲ ಬಿಸಿಲಿಗೆ ಒಣಗಿ ಕುಸಿದು ತಟ್ಟೆಯಂತೆ ಹಳ್ಳವಾಯಿತು. ಉಬ್ಬರದಲ್ಲಿ ಒಳಗೆ ಬಂದ ಕಡಲನೀರು ಇಳಿತದಲ್ಲಿ ಹೊರಗೆ ಹೋಗಲಾರದೆ ನಿಂತು ಆವಿಯಾಯಿತು. ಉಪ್ಪು ಮಡುಗಟ್ಟಿದ ಆ ನೆಲದಲ್ಲಿ ಬಿದ್ದ ಬೀಜ ಬೇರು ಬಿಡಲಿಲ್ಲ. ಹಳ್ಳಿಯವರು ದನ ಮೇಯಿಸುವುದು, ಸೌದೆ ಕಡಿಯುವುದೇ ಕಾರಣವೆಂದು ಬಹಳ ಕಾಲ ದೂರಲಾಗುತ್ತಿತ್ತು. 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ನೆಲದ ಮಟ್ಟವನ್ನು ಅಳೆದು ನಿಜ ಸಂಗತಿಯನ್ನು ಕಂಡುಕೊಂಡರು. ಅರಣ್ಯ ಇಲಾಖೆ ಮತ್ತು ಹಳ್ಳಿಯವರ ಜೊತೆ ಸೇರಿ, ಒಂದು ಮುಖ್ಯ ಕಾಲುವೆ, ಅದರಿಂದ ಮೀನಿನ ಮುಳ್ಳಿನಂತೆ ಎರಡೂ ಬದಿಗೆ ಸಣ್ಣ ಕಾಲುವೆಗಳನ್ನು ತೋಡಿದರು. ಉಬ್ಬರ ಒಳಬಂದು ಇಳಿತದಲ್ಲಿ ಹೊರಹೋಗತೊಡಗಿತು. ಉಪ್ಪು ತೊಳೆದುಹೋಯಿತು. ಆ ಕಾಲುವೆಗಳ ಅಂಚಿಗೆ ನೆಟ್ಟ ಸಸಿಗಳು ಹಿಡಿದವು, ಕಾಡು ಮತ್ತೆ ಹರಡಿತು. ಅವರು ಮೊದಲು ಸರಿಪಡಿಸಿದ್ದು ನೀರಿನ ಹಾದಿಯನ್ನು, ಗಿಡ ನೆಟ್ಟದ್ದು ಆಮೇಲೆ. ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆ ವಿರುದ್ಧವಾಗಿ, ನೀರಿನ ಮಟ್ಟ ನೋಡದೆ ತೆರೆದ ಕೆಸರುಬಯಲುಗಳಲ್ಲಿ ದಶಕಗಟ್ಟಲೆ ಸಸಿ ನೆಟ್ಟರು. ಕೊನೆಗೆ ಉಳಿದದ್ದು ನೂರಕ್ಕೆ ಹತ್ತರಿಂದ ಇಪ್ಪತ್ತು ಎಂದು ಅಲ್ಲಿನ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಪಿಚ್ಚಾವರಂ ದೇಶಕ್ಕೆಲ್ಲ ಪರಿಚಯವಾಯಿತು. ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಹಾನಿ ಕಡಿಮೆ ಆಯಿತು ಎಂದು ಕಡಲೂರು ಜಿಲ್ಲೆಯ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕಡಲಿನಿಂದ ಇದ್ದ ದೂರ, ನೆಲದ ಎತ್ತರಗಳೇ ಹೆಚ್ಚು ಕೆಲಸ ಮಾಡಿದವು ಎಂದು ಬೇರೆ ಸಂಶೋಧಕರು ವಾದಿಸಿದರು. ಸುನಾಮಿಯಂಥ ಅಪರೂಪದ ಅಲೆಯ ಬಗ್ಗೆ ಈ ವಾದ ಇದ್ದೇ ಇದೆ. ದಿನದ ಅಲೆ, ಚಂಡಮಾರುತದ ಅಲೆಗಳ ಬಲವನ್ನು ಬೇರುಗಳು ಕುಗ್ಗಿಸುತ್ತವೆ, ದಡದ ಮಣ್ಣನ್ನು ಹಿಡಿಯುತ್ತವೆ ಎನ್ನುವುದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಇನ್ನು ಇಂಗಾಲದ ಲೆಕ್ಕ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರು, ಎಲೆ ಪೂರ್ತಿ ಕೊಳೆಯದೆ ಶತಮಾನಗಟ್ಟಲೆ ಹೂತಿರುತ್ತವೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಪ್ರದೇಶದ ಮ್ಯಾಂಗ್ರೋವ್‌ಗಳಲ್ಲಿ ಹೆಕ್ಟೇರಿಗೆ ಸರಾಸರಿ ಸುಮಾರು 1,000 ಟನ್ ಇಂಗಾಲ, ಅದರಲ್ಲೂ ಬಹುಪಾಲು ನೆಲದೊಳಗೆ ಇದೆ ಎಂದು 2011ರಲ್ಲಿ ಅಳೆದು ತೋರಿಸಲಾಯಿತು. ಕಾಡು ಸತ್ತು ಕೆಸರು ಬಿಸಿಲಿಗೆ ತೆರೆದುಕೊಂಡರೆ ಆ ಇಂಗಾಲ ಗಾಳಿಗೆ ಮರಳುತ್ತದೆ.

ಕಾವೇರಿಯಲ್ಲಿ ಸಿಹಿನೀರು ಕಡಿಮೆಯಾದದ್ದು ತೊಂದರೆಯಾದರೆ, ಶರಾವತಿಯಲ್ಲಿ ಅದು ಹೆಚ್ಚಾದದ್ದು ತೊಂದರೆ. ಈ ಎರಡನೆಯದರ ಬಗ್ಗೆ ನಮ್ಮವರು ಅಷ್ಟಾಗಿ ಮಾತಾಡಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ ಉತ್ಪಾದಿಸಿದ ಮೇಲೆ ನೀರನ್ನು ಹೊಳೆಗೆ ಬಿಡಲೇಬೇಕು, ವಿದ್ಯುತ್ತು ಬೇಸಿಗೆಯಲ್ಲೂ ಬೇಕು. ಹಾಗಾಗಿ ಮಾರ್ಚ್, ಏಪ್ರಿಲಿನಲ್ಲಿ ಸೊರಗಬೇಕಿದ್ದ ಶರಾವತಿ ವರ್ಷವಿಡೀ ಸಿಹಿನೀರು ಹೊತ್ತು ಹೊನ್ನಾವರಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಕಡಲನೀರು ಒಳಗೆ ಏರಬೇಕಿದ್ದ ಹಿನ್ನೀರಿನಲ್ಲಿ ಉಪ್ಪು ಏರುವುದೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅವರ ತಂಡದವರು ಶರಾವತಿ ಅಳಿವೆಯನ್ನೂ ಅದರ ಉತ್ತರಕ್ಕಿರುವ ಅಘನಾಶಿನಿ ಅಳಿವೆಯನ್ನೂ ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಬಳಚು ಎಂಬ ಚಿಪ್ಪುಜೀವಿ ತೀರಾ ಕಡಿಮೆಯಾಗಿದೆ, ಮೀನಿನ ಜಾತಿಗಳೂ ಕಡಿಮೆ. ಮ್ಯಾಂಗ್ರೋವ್‌ಗಳಲ್ಲಿ ಸಿಹಿನೀರನ್ನು ಹೆಚ್ಚು ಒಪ್ಪುವ ಸೊನರೇಶಿಯಾದಂಥ ಜಾತಿ ಮುಂದೆ ಬಂದಿದೆ. ಎರಡು ಅಳಿವೆಗಳ ಮಳೆ, ಕಡಲು, ಮಣ್ಣು ಹೆಚ್ಚು ಬೇರೆಯಲ್ಲ. ಬೇರೆಯಾದದ್ದು ನೀರು ಬರುವ ಕಾಲ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಿಗಿದು, ಕುಮಟಾ ತಾಲ್ಲೂಕಿನಲ್ಲಿ ಕಡಲಿಗೆ ಸೇರುವವರೆಗೆ ಅದು ತನ್ನ ಋತುವಿನಂತೆ ಹರಿಯುತ್ತದೆ. ಮಳೆಗಾಲದಲ್ಲಿ ಅಳಿವೆಯ ಬಾಯಿಯವರೆಗೂ ಸಿಹಿನೀರಿನ ಜೋರು. ಮಳೆ ನಿಂತ ಮೇಲೆ ಉಪ್ಪು ತಿಂಗಳು ತಿಂಗಳಿಗೆ ಒಳಗೆ ಏರುತ್ತದೆ. ಭಾರವಾದ ಉಪ್ಪುನೀರು ತಳದಲ್ಲಿ ನುಸುಳಿ ಮೇಲಕ್ಕೆ ಹೋಗುತ್ತದೆ, ಹಗುರವಾದ ಸಿಹಿನೀರು ಅದರ ಮೇಲೆ ಹರಿಯುತ್ತದೆ. ಈ ಏರಿಳಿತಕ್ಕೆ ತಕ್ಕಂತೆ ಇಡೀ ಹಿನ್ನೀರಿನ ಬದುಕು ನಡೆಯುತ್ತದೆ. ಕಾಂಡ್ಲಾ ಎಲೆ ಉದುರಿದರೆ ಏಡಿಗಳು ಅದನ್ನು ಬಿಲಕ್ಕೆ ಎಳೆದುಕೊಂಡು ಹೋಗಿ ತಿನ್ನುತ್ತವೆ, ಉಳಿದದ್ದು ಸೂಕ್ಷ್ಮಜೀವಿಗಳು ಹತ್ತಿಕೊಂಡ ಚೂರಾಗಿ ಸೀಗಡಿಗೆ, ಮೀನಿನ ಮರಿಗೆ ಆಹಾರವಾಗುತ್ತದೆ. ಫ್ಲಾರಿಡಾದಲ್ಲಿ ಎರಿಕ್ ಹೀಲ್ಡ್ ಮತ್ತು ವಿಲಿಯಂ ಓಡಮ್ 1970ರ ಸುಮಾರಿಗೆ ಈ ಸರಪಳಿಯನ್ನು ಬಿಡಿಸಿ ತೋರಿಸುವವರೆಗೆ, ಮ್ಯಾಂಗ್ರೋವ್ ಎಂದರೆ ಸೊಳ್ಳೆ ಮತ್ತು ಕೆಸರಿನ ಕೆಟ್ಟ ಜಾಗ ಎಂದೇ ಜಗತ್ತಿನ ಬಹುತೇಕರು ತಿಳಿದಿದ್ದರು. ಕಡಲಲ್ಲಿ ಮೊಟ್ಟೆಯಿಟ್ಟ ಸೀಗಡಿಯ ಮರಿಗಳು ಅಳಿವೆಗೆ ಬಂದು, ಬೇರುಗಳ ಮರೆಯಲ್ಲಿ ಬೆಳೆದು, ದೊಡ್ಡವಾಗಿ ಕಡಲಿಗೆ ಹಿಂತಿರುಗುತ್ತವೆ. ದೋಣಿಯವರ ಬಲೆಗೆ ಬೀಳುವುದರಲ್ಲಿ ಎಷ್ಟೋ ಪಾಲು ಹೀಗೆ ಹಿನ್ನೀರಿನಲ್ಲಿ ಬಾಲ್ಯ ಕಳೆದವು.

ಇದೇ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಮುಂಗಾರಿನ ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಪೈರು ಏಳುತ್ತದೆ. ನೆರೆ ನೀರು ನಿಂತರೂ, ಒಂದಿಷ್ಟು ಉಪ್ಪು ನುಗ್ಗಿದರೂ ಕಗ್ಗ ತಾಳುತ್ತದೆ. ಕೊಯ್ಲು ಮುಗಿದ ಮೇಲೆ ತೂಬು ತೆರೆದು ಚೌಳುನೀರನ್ನು ಒಳಬಿಟ್ಟು ಅದೇ ಗದ್ದೆಯಲ್ಲಿ ಸೀಗಡಿ ಹಿಡಿಯುತ್ತಾರೆ. ಸ್ವಲ್ಪ ದೂರದಲ್ಲೇ ಸಾಣಿಕಟ್ಟೆಯಲ್ಲಿ ಬೇಸಿಗೆಯ ಉಪ್ಪುನೀರನ್ನು ಆಗರಗಳಿಗೆ ಕಟ್ಟಿ ಉಪ್ಪು ತೆಗೆಯುತ್ತಾರೆ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಕೆಸರುದಿಬ್ಬಗಳಿಗೆ ಇಳಿದು ಬಳಚು ಹೆಕ್ಕುತ್ತಾರೆ. ಒಂದೇ ಅಳಿವೆಯಲ್ಲಿ ಅಕ್ಕಿ, ಉಪ್ಪು, ಬಳಚು, ಸೀಗಡಿ, ಕಾಂಡ್ಲಾ ಎಲ್ಲವೂ ಇರುವುದು ಸಾಧ್ಯವಾಗಿರುವುದು ನೀರು ಮಳೆಗಾಲದಲ್ಲಿ ಸಿಹಿಯಾಗಿ ಬೇಸಿಗೆಯಲ್ಲಿ ಉಪ್ಪಾಗುವುದರಿಂದ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೂ ರಾಮ್ಸಾರ್ ತಾಣದ ಮಾನ್ಯತೆ ಬಂತು. ದೇಶದ ಒಟ್ಟು ಮ್ಯಾಂಗ್ರೋವ್ ಕಾಡು ಸುಮಾರು 4,992 ಚದರ ಕಿಲೋಮೀಟರ್ ಎನ್ನುತ್ತದೆ 2023ರ ಅರಣ್ಯ ಸಮೀಕ್ಷೆ. ಅದರಲ್ಲಿ ಕರ್ನಾಟಕದ ಪಾಲು ಹದಿನೈದು ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಕುಂದಾಪುರದ ಪಂಚಗಂಗಾವಳಿ, ಅಘನಾಶಿನಿ, ಕಾಳಿ ಮುಂತಾದ ಅಳಿವೆಗಳಲ್ಲಿ ಹರಿದುಹಂಚಿಹೋಗಿರುವ ಈ ಸಣ್ಣ ಪಾಲು ನನ್ನ ಕಣ್ಣಿಗೆ ಬಹಳ ದೊಡ್ಡದು.

ಹೊಳೆಯನ್ನು ಮೇಲೆ ತಡೆದರೆ ಕೆಳಗೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶಗಳೂ ಸಾಕ್ಷಿ ಕೊಡುತ್ತವೆ. ಸಿಂಧೂ ನದಿಯ ಮುಖಜದಲ್ಲಿ ಈಗ ಉಳಿದಿರುವುದು ಬಹುಪಾಲು ಒಂದೇ ಅವಿಸೆನಿಯಾ ಮರೀನಾ. ಸುಂದರಬನಗಳಲ್ಲಿ ಸುಂದರಿ ಮರ ತುದಿಯಿಂದ ಒಣಗುತ್ತ ಬರುವ ರೋಗಕ್ಕೆ, 1975ರಲ್ಲಿ ಫರಕ್ಕಾ ಬ್ಯಾರೇಜ್ ಆರಂಭವಾದ ಮೇಲೆ ಬಾಂಗ್ಲಾದ ಕಡೆ ಬೇಸಿಗೆಯ ಸಿಹಿನೀರು ಕಡಿಮೆಯಾಗಿ ಉಪ್ಪು ಏರಿದ್ದೂ ಒಂದು ಕಾರಣವೆಂದು ಹೇಳಲಾಗುತ್ತದೆ.

ಕಾವೇರಿ ನ್ಯಾಯಾಧಿಕರಣ ಪರಿಸರಕ್ಕೂ ಕಡಲಿಗೂ ಸೇರಬೇಕಾದ ಪಾಲನ್ನು ಮರೆತಿರಲಿಲ್ಲ ಎನ್ನುವುದು ಬಹಳ ಜನರಿಗೆ ತಿಳಿಯದು. 2007ರ ಅಂತಿಮ ತೀರ್ಪು ಕಣಿವೆಯ 740 ಟಿಎಂಸಿ ನೀರನ್ನು ಹಂಚುವಾಗ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಕೊಟ್ಟು, 10 ಟಿಎಂಸಿಯನ್ನು ಪರಿಸರ ರಕ್ಷಣೆಗೂ 4 ಟಿಎಂಸಿಯನ್ನು ಸಮುದ್ರಕ್ಕೆ ಅನಿವಾರ್ಯವಾಗಿ ಹೋಗುವ ನೀರಿಗೂ ಎಂದು ಬದಿಗಿಟ್ಟಿತು. ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದದ್ದನ್ನು 177.25 ಎಂದು ನಿಗದಿಮಾಡಿತು. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಹದಿನಾಲ್ಕು ಟಿಎಂಸಿ 740ರಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲ. ಅದು ಸಾಕೇ ಎಂಬ ಪ್ರಶ್ನೆ ಒಂದು. ಅದು ಯಾವ ತಿಂಗಳಲ್ಲಿ ಹರಿಯಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. 2022ರಂಥ ಮಳೆಯ ವರ್ಷ ಕೊಳ್ಳಿಡಂನಲ್ಲಿ ಕೆಲವೇ ವಾರಗಳಲ್ಲಿ ಅದರ ಹಲವು ಪಟ್ಟು ನೀರು ಹರಿದುಹೋಯಿತು, ಮರುವರ್ಷ ಬರಗಾಲ ಬಂತು. ವರ್ಷದ ಸರಾಸರಿಯ ಲೆಕ್ಕದಲ್ಲಿ ಎರಡೂ ಸರಿದೂಗಬಹುದು. ಸಸಿ ಸರಾಸರಿಯನ್ನು ಕುಡಿಯುವುದಿಲ್ಲ.

ಮೇಕೆದಾಟು ಯೋಜನೆಯಿಂದ ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ, ಅದರಲ್ಲಿ ಬಹುಪಾಲು ಕಾವೇರಿ ವನ್ಯಧಾಮದ ಕಾಡು. ಮುಳುಗುವ ಕಾಡಿನ ಬಗ್ಗೆ ಚರ್ಚೆ ನಡೆದಿದೆ, ಇನ್ನೂ ನಡೆಯಬೇಕು. ಜಲಾಶಯದ ಕೆಳಗೆ ಬದಲಾಗುವ ಹರಿವಿನ ಬಗ್ಗೆ ಮಾತು ರಾಜ್ಯಗಳ ಗಡಿಯಲ್ಲಿ, ಬಿಳಿಗುಂಡ್ಲುವಿನ ಅಂಕಿಯಲ್ಲಿ ನಿಂತುಬಿಡುತ್ತದೆ. ಅಲ್ಲಿ ನೀರನ್ನು ಅಳೆದಂತೆ ಕೊಳ್ಳಿಡಂನ ಬಾಯಲ್ಲಿ, ಪಿಚ್ಚಾವರಂನ ಕಾಲುವೆಗಳಲ್ಲಿ ತಿಂಗಳು ತಿಂಗಳೂ ಉಪ್ಪನ್ನು ಅಳೆದು ಎರಡೂ ಅಂಕಿಗಳನ್ನು ಒಂದೇ ಪುಟದಲ್ಲಿ ಪ್ರಕಟಿಸುವುದು ಕಷ್ಟದ ಕೆಲಸವಲ್ಲ. ಆಗ ಮೇಲಿನ ಜಲಾಶಯಗಳಿಂದ ಜುಲೈ ಮತ್ತು ಆಗಸ್ಟಿನಲ್ಲಿ ಒಂದಿಷ್ಟು ನೀರನ್ನು ಮೊದಲ ಪ್ರವಾಹದಂತೆ ಬಿಟ್ಟರೆ ಕಾಡಿಗೆ ಎಷ್ಟು ಉಪಯೋಗವಾಗುತ್ತದೆ, ಗದ್ದೆಗೆ, ನಗರಕ್ಕೆ ಎಷ್ಟು ಕೊರತೆಯಾಗುತ್ತದೆ ಎಂದು ಕೈಗೆ ಸಿಗುವ ಲೆಕ್ಕ ಮಾಡಬಹುದು. ಆ ಲೆಕ್ಕದಲ್ಲಿ ತಮಿಳುನಾಡಿನ ಜಲಾಶಯಗಳೂ ಸೇರಬೇಕು, ನಮ್ಮವೂ ಸೇರಬೇಕು.

ಅಘನಾಶಿನಿಯ ವಿಷಯದಲ್ಲಿ ನಾವು ಬೇರೆ ರಾಜ್ಯದ ಕಡೆ ಬೆರಳು ತೋರಿಸುವಂತಿಲ್ಲ. ಅದು ಹುಟ್ಟುವುದೂ ಕಡಲು ಸೇರುವುದೂ ನಮ್ಮ ರಾಜ್ಯದ ಒಂದೇ ಜಿಲ್ಲೆಯಲ್ಲಿ. ಅದನ್ನು ತಿರುಗಿಸುವ ಯೋಜನೆಯ ವರದಿಯಲ್ಲಿ ಎಷ್ಟು ಟಿಎಂಸಿ ಎತ್ತಬಹುದು ಎಂಬ ಅಂಕಣದ ಪಕ್ಕದಲ್ಲಿ, ಅಷ್ಟು ಎತ್ತಿದರೆ ಮಿರ್ಜಾನ್, ಮಾಸೂರು, ಹೆಗಡೆಯ ಹಿನ್ನೀರಿನಲ್ಲಿ ಯಾವ ತಿಂಗಳು ಎಷ್ಟು ಉಪ್ಪು ಏರುತ್ತದೆ ಎಂಬ ಅಂಕಣವೂ ಇರಬೇಕು. ಅದನ್ನು ಕುಮಟಾದ ಬಳಚು ಹೆಕ್ಕುವವರಿಗೂ ಕಗ್ಗ ಬೆಳೆಯುವವರಿಗೂ ಮೊದಲು ಓದಿ ಹೇಳಬೇಕು.